ಡಾಲರ್ ಕಮ್ಮಿಯಾದಾಗ ಪೆಟ್ಟು ಎಲ್ಲಿ ಬೀಳುತ್ತದೆ?

ಬಸವನಗುಡಿಯಲ್ಲಿ ಸಣ್ಣ ಹೂಡಿಕೆದಾರರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮುಖ್ಯವಾದವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಕೆಲಸ ಮುಗಿಸಿ, ಟ್ರಾಫಿಕ್ ದಾಟಿ ಇಷ್ಟು ಜನ ಬಂದಿದ್ದೀರಿ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಿನಲ್ಲಿ ಹಣ ಹೂಡುವವರನ್ನು ಮಾತಾಡಿಸಿದರೆ ಈಗ ಒಂದು ಪ್ರಶ್ನೆ ಬಂದೇ ಬರುತ್ತದೆ. ರೂಪಾಯಿ ಇಳಿಯುತ್ತಲೇ ಇದೆ, ಸ್ವಲ್ಪ ದುಡ್ಡು ಹೊರದೇಶದಲ್ಲಿ ಹಾಕೋಣವೇ? ಒಬ್ಬರು ಅಮೆರಿಕದ ಶೇರು ಅನ್ನುತ್ತಾರೆ, ಇನ್ನೊಬ್ಬರು ದುಬೈನಲ್ಲಿ ಫ್ಲ್ಯಾಟ್ ಅನ್ನುತ್ತಾರೆ. ಒಂದು ದೇಶ ಗಟ್ಟಿಯೋ ಇಲ್ಲವೋ ಅಂತ ತಿಳಿಯಲು ಹೆಚ್ಚಿನವರು ನೋಡುವುದು ಒಂದನ್ನೇ. ಡಾಲರ್ ಎದುರು ಆ ದೇಶದ ಕರೆನ್ಸಿಯ ಗ್ರಾಫ್. ಗೆರೆ ಅಲುಗಾಡದೆ ಇದ್ದರೆ ಸಮಾಧಾನ, ಜಾರಿದ್ದರೆ ಭಯ.

ಅಲುಗಾಡದ ಗೆರೆಯನ್ನು ಅಷ್ಟು ಸುಲಭವಾಗಿ ನಂಬಬೇಡಿ ಅಂತ ಹೇಳಲಿಕ್ಕೇ ನಾನು ಇವತ್ತು ಬಂದಿರುವುದು.

ಹೊರಗಿನ ಪ್ರಪಂಚದ ಜೊತೆ ಕೊಡು-ಕೊಳ್ಳುವಿಕೆ ಇರುವ ಯಾವ ದೇಶಕ್ಕೂ ಒಂದಲ್ಲ ಒಂದು ದಿನ ಡಾಲರ್ ಕೊರತೆ ಬರುತ್ತದೆ. ಕಚ್ಚಾ ತೈಲ ದುಬಾರಿಯಾಗುತ್ತದೆ. ಅಮೆರಿಕದಲ್ಲಿ ಬಡ್ಡಿ ಏರಿ ಬಂಡವಾಳ ಅತ್ತ ಓಡುತ್ತದೆ. ಪ್ರವಾಸಿಗರು ಬರುವುದು ನಿಲ್ಲುತ್ತದೆ. ಆಗ ಪೆಟ್ಟು ಎಲ್ಲಾದರೂ ಬೀಳಲೇಬೇಕು. ಬೀಳುವ ಜಾಗ ನಾಲ್ಕು. ಕರೆನ್ಸಿಯ ದರ ಇಳಿಯಬಹುದು. ದರ ಇಳಿಯಬಾರದೆಂದು ಕೇಂದ್ರ ಬ್ಯಾಂಕ್ ತನ್ನ ಡಾಲರ್ ಮಾರಿದರೆ ಮೀಸಲು ಕರಗುತ್ತದೆ. ಬಂಡವಾಳ ಹೋಗದಂತೆ ಬಡ್ಡಿ ಏರಿಸಿದರೆ ಒಳಗಿನ ವ್ಯಾಪಾರಕ್ಕೆ ಏಟು. ಇದು ಯಾವುದೂ ಆಗಲಿಲ್ಲ ಅಂದರೆ ಬಾಗಿಲು ಹಾಕುತ್ತಾರೆ. ಅಂದರೆ ಡಾಲರ್ ಹೊರಗೆ ಕಳಿಸಬೇಡಿ, ಇಂಥ ವಸ್ತು ಆಮದು ಮಾಡಬೇಡಿ, ನಿಮ್ಮ ಹಣ ಇಷ್ಟು ದಿನ ಇಲ್ಲೇ ಇರಲಿ ಎಂಬ ಆಜ್ಞೆ ಬರುತ್ತದೆ.

ದರ, ಮೀಸಲು, ಬಡ್ಡಿ, ಬಾಗಿಲು. ಒಂದು ದೇಶದ ನೀತಿ ಅಂದರೆ ಈ ನಾಲ್ಕರಲ್ಲಿ ಪೆಟ್ಟನ್ನು ಎಲ್ಲಿ ಬೀಳಲು ಬಿಡುತ್ತಾರೆ ಎಂಬುದು. ಹೂಡಿಕೆದಾರನಿಗೆ ನಾಲ್ಕೂ ಒಂದೇ ಅಲ್ಲ. ದರ ಇಳಿದರೆ ನಷ್ಟ ಎಷ್ಟು ಅಂತ ಆ ದಿನವೇ ಗೊತ್ತಾಗುತ್ತದೆ. ಬಾಗಿಲು ಬಿದ್ದರೆ ನಷ್ಟದ ಲೆಕ್ಕವೂ ಸಿಗುವುದಿಲ್ಲ.

ದರದ ನಷ್ಟ ಚಿಕ್ಕದು ಅಂತ ಹೇಳುತ್ತಿಲ್ಲ. ಟರ್ಕಿಯ 2021ನೇ ವರ್ಷ ನೋಡಿ. ವರ್ಷದ ಶುರುವಿನಲ್ಲಿ ಒಂದು ಡಾಲರ್‌ಗೆ ಸುಮಾರು 7.40 ಲಿರಾ. ಕೊನೆಗೆ 13ರ ಮೇಲೆ. ಆ ವರ್ಷ ಇಸ್ತಾಂಬುಲ್ ಶೇರು ಸೂಚ್ಯಂಕ ಸುಮಾರು ಶೇ 25ರಷ್ಟು ಏರಿತು. ಸ್ಥಳೀಯ ಪತ್ರಿಕೆ ಓದುವವನಿಗೆ ಅದು ಒಳ್ಳೆಯ ವರ್ಷ. ಈಗ ಹೊರಗಿನಿಂದ 100 ಡಾಲರ್ ತಂದವನ ಲೆಕ್ಕ ಮಾಡಿ. ಅವನ ಕೈಗೆ 740 ಲಿರಾ ಬಂತು. ಶೇರು ಏರಿ 925 ಆಯಿತು. ವಾಪಸ್ ಡಾಲರ್‌ಗೆ ಬದಲಿಸಿದಾಗ ಸಿಕ್ಕಿದ್ದು ಸುಮಾರು 70. ಶೇ 25 ಲಾಭ ಮಾಡಿ ಶೇ 30 ಕಳೆದುಕೊಂಡ. ಹೊರದೇಶದ ಫಂಡಿನ ಜಾಹೀರಾತಿನಲ್ಲಿ ರಿಟರ್ನ್ಸ್ ನೋಡಿದಾಗ, ಅದು ಯಾವ ಕರೆನ್ಸಿಯಲ್ಲಿ ಅಂತ ಮೊದಲು ಕೇಳಿ.

ಈ ನಾಲ್ಕು ಜಾಗದ ಹಿಂದೆ ಒಂದು ಹಳೆಯ ಸಿದ್ಧಾಂತ ಇದೆ. 1960ರ ದಶಕದಲ್ಲಿ ರಾಬರ್ಟ್ ಮಂಡೆಲ್ ಮತ್ತು ಮಾರ್ಕಸ್ ಫ್ಲೆಮಿಂಗ್ ಮಾಡಿದ ಕೆಲಸದಿಂದ ಬಂದದ್ದು. ಮಂಡೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು. ಪ್ರತಿ ದೇಶಕ್ಕೂ ಮೂರು ಆಸೆ ಇರುತ್ತದೆ. ದರ ಅಲುಗಾಡಬಾರದು, ಬಂಡವಾಳ ಸಲೀಸಾಗಿ ಬಂದು ಹೋಗಬೇಕು, ಬಡ್ಡಿ ದರ ನಮ್ಮ ಕೈಯಲ್ಲೇ ಇರಬೇಕು. ಮೂರೂ ಒಟ್ಟಿಗೆ ಸಿಗುವುದಿಲ್ಲ. ಒಂದನ್ನು ಬಿಡಲೇಬೇಕು. ಹಾಂಗ್‌ಕಾಂಗ್ 1983ರಿಂದ ತನ್ನ ಡಾಲರನ್ನು ಅಮೆರಿಕದ ಡಾಲರ್‌ಗೆ 7.80ರ ಹತ್ತಿರ ಕಟ್ಟಿದೆ, ಬಾಗಿಲನ್ನೂ ತೆರೆದಿಟ್ಟಿದೆ. ಹಾಗಾಗಿ ಬಡ್ಡಿಯನ್ನು ಅಮೆರಿಕಕ್ಕೆ ಒಪ್ಪಿಸಿದೆ. ಚೀನಾ ಬಾಗಿಲನ್ನು ಅರ್ಧ ಮುಚ್ಚಿಟ್ಟಿದೆ. ಅಮೆರಿಕ, ಬ್ರಿಟನ್ ದರವನ್ನು ಅದರ ಪಾಡಿಗೆ ಬಿಟ್ಟಿವೆ. ದುಬೈ ಫ್ಲ್ಯಾಟಿನ ಮಾತು ಬಂತಲ್ವಾ? ಯುಎಇ ದಿರ್ಹಮ್ 1997ರಿಂದ ಡಾಲರ್‌ಗೆ 3.6725ರಲ್ಲೇ ಇದೆ. ಅಂದರೆ ಕರೆನ್ಸಿಯ ಮಟ್ಟಿಗೆ ದುಬೈ ಫ್ಲ್ಯಾಟ್ ಅಂದರೆ ಡಾಲರೇ. ಎರಡು ಕಡೆ ಹಂಚಿ ಹಾಕಿದೆ ಅಂದುಕೊಂಡವರು ಒಂದೇ ಕಡೆ ಹಾಕಿರುತ್ತಾರೆ.

ಈಗ ನಮ್ಮ ಪಕ್ಕದ ಮನೆಯ ಕಥೆಗೆ ಸ್ವಲ್ಪ ಹೊತ್ತು ಕೂರೋಣ. ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆ ವಿಮಾನ. 2022ರಲ್ಲಿ ಅಲ್ಲಿ ಪೆಟ್ರೋಲಿಗೆ, ಗ್ಯಾಸಿಗೆ ಜನ ದಿನಗಟ್ಟಲೆ ಸಾಲು ನಿಂತರು. ಆದರೆ 2021ರ ಸೆಪ್ಟೆಂಬರ್‌ನಿಂದ 2022ರ ಮಾರ್ಚ್ ಮೊದಲ ವಾರದವರೆಗೆ ಶ್ರೀಲಂಕಾ ರೂಪಾಯಿಯ ಗ್ರಾಫ್ ನೋಡಿದರೆ ಇಂಥದ್ದೇನೂ ಆಗುತ್ತದೆ ಅನ್ನಿಸುವುದಿಲ್ಲ. ಒಂದು ಡಾಲರ್‌ಗೆ 200ರ ಆಸುಪಾಸು, ಗೆರೆ ಎಳೆದ ಹಾಗೆ.

ಆ ಗೆರೆ ನೆಟ್ಟಗೆ ಇದ್ದದ್ದಕ್ಕೇ ಬೇರೆ ಎಲ್ಲ ಸೊಟ್ಟಗಾಯಿತು. 2019ರ ಕೊನೆಗೆ ಅಲ್ಲಿನ ಸರ್ಕಾರ ದೊಡ್ಡ ತೆರಿಗೆ ಕಡಿತ ಮಾಡಿತ್ತು. ವ್ಯಾಟ್ ಶೇ 15ರಿಂದ ಶೇ 8ಕ್ಕೆ ಬಂತು. ಕೋವಿಡ್‌ನಿಂದ ಪ್ರವಾಸೋದ್ಯಮ ನಿಂತಿತು. ಡಾಲರ್ ಬರುವುದು ಕಮ್ಮಿಯಾಯಿತು. ಬ್ಯಾಂಕ್ ಕೊಡುವುದು 200, ಹೊರಗಿನ ದಲ್ಲಾಳಿ ಕೊಡುವುದು ಅದಕ್ಕಿಂತ ಜಾಸ್ತಿ. ಕೊಲ್ಲಿ ದೇಶದಲ್ಲಿ ದುಡಿಯುವವನು ಮನೆಗೆ ಹಣ ಕಳಿಸುವಾಗ ಯಾವ ದಾರಿ ಹಿಡಿಯುತ್ತಾನೆ ಹೇಳಿ? 2020ರಲ್ಲಿ ಬ್ಯಾಂಕ್ ಮೂಲಕ ಬಂದ ಹಣ ಸುಮಾರು 7.1 ಬಿಲಿಯನ್ ಡಾಲರ್. 2021ರಲ್ಲಿ ಅದು 5.5ಕ್ಕೆ ಇಳಿಯಿತು. ಬಿಲಿಯನ್ ಅಂದರೆ ನೂರು ಕೋಟಿ. ದರವನ್ನು ಆಜ್ಞೆಯಿಂದ ಹಿಡಿದಿಟ್ಟರೆ, ಬರಬೇಕಾದ ಡಾಲರೇ ಬೇರೆ ದಾರಿ ಹುಡುಕಿಕೊಳ್ಳುತ್ತದೆ.

ಆಮೇಲೆ ಬಾಗಿಲು. ವಾಹನ ಆಮದು ಮೊದಲೇ ನಿಂತಿತ್ತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೂ ನಿಲ್ಲಿಸಿದರು. ಸಾವಯವ ಕೃಷಿ ಅನ್ನುವ ಕಾರಣ ಕೊಟ್ಟರು, ಅದರ ಜೊತೆ ಡಾಲರ್ ಉಳಿತಾಯದ ಲೆಕ್ಕವೂ ಇತ್ತು. ಭತ್ತದ ಬೆಳೆ ಕುಸಿಯಿತು, ಅಕ್ಕಿ ಆಮದು ಮಾಡಬೇಕಾಯಿತು. ಕೊಲಂಬೊದ ವಿನಿಮಯ ದರದ ನೀತಿ ಹಳ್ಳಿಯ ಗದ್ದೆಯಲ್ಲಿ ಕಾಣಿಸಿಕೊಂಡಿತು. ನನಗೆ ಇದು ಬಹಳ ನೋವಿನ ವಿಷಯ. ಯಾಕೆಂದರೆ ಪೆಟ್ಟು ತಿಂದವರು ಆ ನೀತಿಯ ಬಗ್ಗೆ ಒಂದು ಮಾತೂ ಕೇಳಿಸಿಕೊಂಡವರಲ್ಲ.

ಮೀಸಲಿನ ಕಥೆ ಇನ್ನೂ ಗಮನ ಇಟ್ಟು ನೋಡಬೇಕು. 2022ರ ಮಾರ್ಚ್ ಕೊನೆಗೆ ಶ್ರೀಲಂಕಾದ ಅಧಿಕೃತ ಮೀಸಲು ಸುಮಾರು 1.9 ಬಿಲಿಯನ್ ಡಾಲರ್. ಕಮ್ಮಿ ಹೌದು, ಆದರೂ ಏನೋ ಇದೆಯಲ್ಲ ಅನ್ನಿಸುತ್ತದೆ. ಅದರಲ್ಲಿ ಸುಮಾರು 1.5 ಬಿಲಿಯನ್ ಚೀನಾದ ಕೇಂದ್ರ ಬ್ಯಾಂಕ್ ಕೊಟ್ಟ ಯುವಾನ್ ಸ್ವಾಪ್, ಅಂದರೆ ಆಮೇಲೆ ವಾಪಸ್ ಕೊಡಬೇಕಾದ ಚೀನಾದ ಕರೆನ್ಸಿ. ದೇಶದ ಬಳಿ ಮೂರು ತಿಂಗಳ ಆಮದಿಗೆ ಬೇಕಾದಷ್ಟು ಮೀಸಲು ಇದ್ದರೆ ಮಾತ್ರ ಆ ಹಣ ಬಳಸಬಹುದು ಎಂಬ ಷರತ್ತು ಅದಕ್ಕಿತ್ತು. ಅಷ್ಟು ಮೀಸಲು ಇದ್ದಿದ್ದರೆ ಆ ಹಣದ ಅಗತ್ಯವೇ ಇರುತ್ತಿರಲಿಲ್ಲ. ಏಪ್ರಿಲ್ 12ರಂದು ವಿದೇಶಿ ಸಾಲದ ಮರುಪಾವತಿ ನಿಲ್ಲಿಸಿದರು. ಮೇ ಮೊದಲ ವಾರದಲ್ಲಿ ಅಲ್ಲಿನ ಹಣಕಾಸು ಸಚಿವರು ಸಂಸತ್ತಿನಲ್ಲಿ ಹೇಳಿದ ಪ್ರಕಾರ, ನಿಜವಾಗಿ ಬಳಸಬಹುದಾದ ಡಾಲರ್ 5 ಕೋಟಿಗೂ ಕಮ್ಮಿ. ಎರಡು ಕೋಟಿಗೂ ಹೆಚ್ಚು ಜನರ ದೇಶ ಅದು. ದರ ಬಿಟ್ಟುಕೊಟ್ಟ ಕೆಲವೇ ವಾರಗಳಲ್ಲಿ 200 ಇದ್ದದ್ದು 350 ದಾಟಿತು. ಸೆಪ್ಟೆಂಬರ್‌ಗೆ ಹಣದುಬ್ಬರ ಶೇ 70ರ ಹತ್ತಿರ.

ಮೀಸಲು ಎಂಬ ಅಂಕಿಯನ್ನು ಹಾಗೇ ನುಂಗಬೇಡಿ ಅಂತ ಇದಕ್ಕೇ ಹೇಳುವುದು. ಸಂಪಿನಲ್ಲಿ ನೀರು ತುಂಬಿದೆ ಅಂದರೆ ಸಾಲದು, ಅದರಲ್ಲಿ ನಮ್ಮದೆಷ್ಟು, ಟ್ಯಾಂಕರಿನವನಿಗೆ ನಾಳೆ ವಾಪಸ್ ಕೊಡಬೇಕಾದ್ದೆಷ್ಟು ಅಂತ ಗೊತ್ತಿರಬೇಕು. 1997ರಲ್ಲಿ ಥಾಯ್ಲೆಂಡ್ ಮುಳುಗಿದ್ದು ಇಲ್ಲೇ. ಲೆಕ್ಕದ ಪುಸ್ತಕದಲ್ಲಿ 30 ಬಿಲಿಯನ್ ಡಾಲರ್‌ಗೂ ಹೆಚ್ಚು ಮೀಸಲು ಇತ್ತು. ಆದರೆ ತನ್ನ ಕರೆನ್ಸಿಯಾದ ಬಾತ್ ಉಳಿಸಿಕೊಳ್ಳಲು ಕೇಂದ್ರ ಬ್ಯಾಂಕ್ ಫಾರ್ವರ್ಡ್ ಮಾರುಕಟ್ಟೆಯಲ್ಲಿ ಮುಂದಿನ ತಾರೀಕಿಗೆ ಡಾಲರ್ ಕೊಡುವುದಾಗಿ ಬರೆದುಕೊಟ್ಟಿತ್ತು. ಮೀಸಲಿನ ಬಹುಪಾಲು ಹಾಗೆ ಕೈಬಿಟ್ಟು ಹೋಗಿತ್ತು. ಹೊರಗಿನವರಿಗೆ ಇದು ಗೊತ್ತಿರಲಿಲ್ಲ. ಜುಲೈ 2ರಂದು ಬಾತ್ ಬಿಟ್ಟುಕೊಟ್ಟರು. 25 ಇದ್ದ ಡಾಲರ್ ಮುಂದಿನ ಜನವರಿಗೆ 50 ದಾಟಿತು.

ನಮ್ಮ ರಿಸರ್ವ್ ಬ್ಯಾಂಕ್ ಕೂಡ ಫಾರ್ವರ್ಡ್‌ನಲ್ಲಿ ಡಾಲರ್ ಮಾರುತ್ತದೆ. 2025ರ ಫೆಬ್ರವರಿ ಕೊನೆಗೆ ಹಾಗೆ ಮಾರಿದ್ದು 88 ಬಿಲಿಯನ್ ಡಾಲರ್‌ಗೂ ಹೆಚ್ಚು. ಭಯಪಡಬೇಕಾ? ಎರಡು ಕಾರಣಕ್ಕೆ ಬೇಡ. ಒಟ್ಟು ಮೀಸಲು ಆಗ 630 ಬಿಲಿಯನ್ ಮೇಲಿತ್ತು. ಎರಡನೆಯದು ನನಗೆ ಇನ್ನೂ ಮುಖ್ಯ. ಆ ಅಂಕಿಯನ್ನು ರಿಸರ್ವ್ ಬ್ಯಾಂಕೇ ತನ್ನ ಮಾಸಿಕ ಬುಲೆಟಿನ್‌ನಲ್ಲಿ ಅಚ್ಚು ಹಾಕುತ್ತದೆ. ನಾನೂ ನೀವೂ ಓದಬಹುದು. ತನ್ನ ದುರ್ಬಲ ಅಂಕಿಯನ್ನು ತಾನೇ ಹೊತ್ತಿಗೆ ಸರಿಯಾಗಿ ಪ್ರಕಟಿಸುವ ಕೇಂದ್ರ ಬ್ಯಾಂಕ್, ಸುಂದರವಾದ ಅಂಕಿ ತೋರಿಸಿ ಉಳಿದದ್ದು ಮುಚ್ಚಿಡುವ ಕೇಂದ್ರ ಬ್ಯಾಂಕಿಗಿಂತ ನೂರು ಪಾಲು ವಾಸಿ.

ಭಾರತಕ್ಕೆ ಬರೋಣ. 1991 ನಿಮ್ಮಲ್ಲಿ ಹಿರಿಯರಿಗೆ ನೆನಪಿದೆ. ಕೊಲ್ಲಿ ಯುದ್ಧ, ತೈಲ ಬೆಲೆ, ಅನಿವಾಸಿ ಭಾರತೀಯರು ಠೇವಣಿ ವಾಪಸ್ ತೆಗೆದದ್ದು. ಎರಡು-ಮೂರು ವಾರದ ಆಮದಿಗೆ ಸಾಲುವಷ್ಟು ಮೀಸಲು ಮಾತ್ರ ಉಳಿಯಿತು. ಜುಲೈನಲ್ಲಿ ಸುಮಾರು 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಬಳಿ ಅಡವಿಗೆ ಹೋಯಿತು. ಜುಲೈ 1 ಮತ್ತು 3ರಂದು ಎರಡು ಹಂತದಲ್ಲಿ ರೂಪಾಯಿಯ ಅಪಮೌಲ್ಯ. 21ರ ಹತ್ತಿರ ಇದ್ದ ಡಾಲರ್ 26ರ ಹತ್ತಿರ ಬಂತು. ಈ ಕಥೆ ಎಲ್ಲರೂ ಹೇಳುತ್ತಾರೆ, ನಾನು ಬೇಗ ದಾಟುತ್ತೇನೆ. ಹೂಡಿಕೆದಾರನಿಗೆ ಅದಕ್ಕಿಂತ ಜಾಸ್ತಿ ಕಲಿಸುವುದು 2013. ನಾಲ್ಕು ಜಾಗದಲ್ಲೂ ಪೆಟ್ಟು ಬಿದ್ದ ವರ್ಷ ಅದು.

2012-13ರಲ್ಲಿ ನಮ್ಮ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ 4.8. ಅಂದರೆ ಸರಕು, ಸೇವೆ, ಹೊರಗಿನಿಂದ ಬರುವ ಸಂಬಳ, ಬಡ್ಡಿ ಎಲ್ಲ ಸೇರಿಸಿ ನಾವು ಗಳಿಸಿದ್ದಕ್ಕಿಂತ ಅಷ್ಟು ಹೆಚ್ಚು ಖರ್ಚು ಮಾಡಿದ್ದೆವು. ಚಿನ್ನದ ಆಮದೇ 50 ಬಿಲಿಯನ್ ಡಾಲರ್ ದಾಟಿತ್ತು. ಈ ಕೊರತೆಯನ್ನು ಹೊರಗಿನ ಬಂಡವಾಳ ತುಂಬುತ್ತಿತ್ತು. 2013ರ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡ್‌ನ ಅಧ್ಯಕ್ಷ ಬೆನ್ ಬರ್ನಾಂಕಿ, ಮಾರುಕಟ್ಟೆಗೆ ಹಣ ಸುರಿಯುವುದನ್ನು ಮುಂದೆ ಕಮ್ಮಿ ಮಾಡಬಹುದು ಅಂದರು. ಮಾಡಿರಲಿಲ್ಲ, ಮಾಡಬಹುದು ಅಂದಿದ್ದರು ಅಷ್ಟೇ. ಬಂಡವಾಳ ಹೊರಟಿತು.

55ರ ಹತ್ತಿರ ಇದ್ದ ಡಾಲರ್ ಏರತೊಡಗಿತು. ರಿಸರ್ವ್ ಬ್ಯಾಂಕ್ ಡಾಲರ್ ಮಾರಿತು. ಜುಲೈ 15ರಂದು ಬ್ಯಾಂಕುಗಳು ತುರ್ತಿಗೆ ಸಾಲ ಪಡೆಯುವ ಬಡ್ಡಿಯನ್ನು ಒಂದೇ ಏಟಿಗೆ ಎರಡು ಅಂಕ ಏರಿಸಿ ಶೇ 10.25ಕ್ಕೆ ತಂದರು. ಚಿನ್ನದ ಸುಂಕ ಶೇ 10ಕ್ಕೆ ಹೋಯಿತು. ಆಗಸ್ಟ್ 14ರಂದು ಬಾಗಿಲಿಗೇ ಕೈ ಹಾಕಿದರು. ನಮ್ಮ ನಿಮ್ಮಂಥವರು ವರ್ಷಕ್ಕೆ 2 ಲಕ್ಷ ಡಾಲರ್ ಹೊರಗೆ ಕಳಿಸಬಹುದಾಗಿದ್ದನ್ನು 75 ಸಾವಿರಕ್ಕೆ ಇಳಿಸಿದರು. ಮಾರನೇ ದಿನ ಸ್ವಾತಂತ್ರ್ಯ ದಿನದ ರಜೆ. 16ರಂದು ಮಾರುಕಟ್ಟೆ ತೆರೆದಾಗ ಸೆನ್ಸೆಕ್ಸ್ 769 ಅಂಶ ಕುಸಿಯಿತು. ಆ ಆಜ್ಞೆ ವಿದೇಶಿ ಹೂಡಿಕೆದಾರರಿಗೆ ಅನ್ವಯಿಸುತ್ತಲೇ ಇರಲಿಲ್ಲ. ಆದರೂ ಅವರು ಹೆದರಿದರು. ಇವತ್ತು ಸ್ವಂತ ಜನರಿಗೆ ಬಾಗಿಲು ಹಾಕಿದವರು ನಾಳೆ ನಮಗೂ ಹಾಕಿದರೆ? ಆಗಸ್ಟ್ 28ರಂದು ರೂಪಾಯಿ 68.85ರವರೆಗೆ ಹೋಯಿತು. ಬಾಗಿಲನ್ನು ಸ್ವಲ್ಪ ಓರೆ ಮಾಡಿದರೂ ಒಳಗಿರುವವರು ಎದ್ದು ಹೊರಡುತ್ತಾರೆ, ಬರಬೇಕೆಂದಿದ್ದವರು ಹೊಸಿಲಲ್ಲೇ ನಿಲ್ಲುತ್ತಾರೆ.

ತಿರುವು ಬಂದದ್ದು ಬಾಗಿಲನ್ನು ಇನ್ನೊಂದು ಕಡೆಗೆ ತೆರೆದಾಗ. ಸೆಪ್ಟೆಂಬರ್ 4ರಂದು ರಘುರಾಂ ರಾಜನ್ ಗವರ್ನರ್ ಆದರು. ಅನಿವಾಸಿಗಳ ಡಾಲರ್ ಠೇವಣಿ ತರುವ ಬ್ಯಾಂಕುಗಳಿಗೆ, ದರ ಇಳಿಯುವ ಅಪಾಯವನ್ನು ವರ್ಷಕ್ಕೆ ಶೇ 3.5ರ ವೆಚ್ಚದಲ್ಲಿ ರಿಸರ್ವ್ ಬ್ಯಾಂಕೇ ಹೊರುತ್ತದೆ ಅಂದರು. ಬ್ಯಾಂಕುಗಳು ಹೊರಗೆ ಪಡೆದ ಸಾಲವೂ ಸೇರಿ ನವೆಂಬರ್ ಕೊನೆಯೊಳಗೆ ಸುಮಾರು 34 ಬಿಲಿಯನ್ ಡಾಲರ್ ಬಂತು. ಚಾಲ್ತಿ ಖಾತೆ ಕೊರತೆ ಮುಂದಿನ ವರ್ಷ ಶೇ 1.7ಕ್ಕೆ ಇಳಿಯಿತು.

ಇದರ ಪಕ್ಕದಲ್ಲಿ 2022 ಇಟ್ಟು ನೋಡಿ. ಉಕ್ರೇನ್ ಯುದ್ಧ, ತೈಲ ಬೆಲೆ, ಅಮೆರಿಕದಲ್ಲಿ ಬಡ್ಡಿ ಏರಿಕೆ. ಪೆಟ್ಟು 2013ಕ್ಕಿಂತ ಚಿಕ್ಕದಲ್ಲ. ರೂಪಾಯಿ 75ರ ಹತ್ತಿರದಿಂದ 83ಕ್ಕೆ ಹೋಯಿತು. 2021ರ ಸೆಪ್ಟೆಂಬರ್‌ನಲ್ಲಿ 642 ಬಿಲಿಯನ್ ಇದ್ದ ಮೀಸಲು 2022ರ ಅಕ್ಟೋಬರ್‌ಗೆ 525ರ ಹತ್ತಿರ ಬಂತು. ಒಂದು ಭಾಗ ಡಾಲರ್ ಮಾರಿದ್ದರಿಂದ, ಇನ್ನೊಂದು ಭಾಗ ಮೀಸಲಿನಲ್ಲಿದ್ದ ಯೂರೊದಂಥ ಕರೆನ್ಸಿಗಳ ಬೆಲೆ ಇಳಿದದ್ದರಿಂದ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ ರೆಪೊ ದರ, ಶೇ 4ರಿಂದ ಹಂತ ಹಂತವಾಗಿ 6.5ಕ್ಕೆ ಏರಿತು. ಜನ ಹೊರಗೆ ಕಳಿಸುವ ಮಿತಿಗೆ ಕೈ ಹಾಕಲಿಲ್ಲ. ಗಾಬರಿ ಆಗಲಿಲ್ಲ. ಮೀಸಲು ಇರುವುದೇ ಇಂಥ ದಿನಕ್ಕೆ. ಮೀಸಲು ಕರಗಿತು ಅಂತ ಆಗ ಟಿವಿಯಲ್ಲಿ ಕೂಗಾಡಿದವರನ್ನು ನಾನು ಒಪ್ಪುವುದಿಲ್ಲ.

ಆದರೆ ಒಂದು ಮಾತು. 2023ರಲ್ಲಿ ರೂಪಾಯಿ ಎಷ್ಟು ಅಲುಗಾಡದೆ ನಿಂತಿತ್ತು ಅಂದರೆ, ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ನಮ್ಮ ವಿನಿಮಯ ವ್ಯವಸ್ಥೆಯನ್ನು 'ತೇಲುವ ದರ' ಎಂಬ ಗುಂಪಿನಿಂದ ತೆಗೆದು 'ಸ್ಥಿರಗೊಳಿಸಿದ ದರ' ಎಂಬ ಗುಂಪಿಗೆ ಹಾಕಿತು. ರಿಸರ್ವ್ ಬ್ಯಾಂಕ್ ಇದನ್ನು ಒಪ್ಪಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅಷ್ಟು ದಿನ ಅಷ್ಟು ಸ್ಥಿರವಾಗಿ ಹಿಡಿಯುವುದು ಒಳ್ಳೆಯದಲ್ಲ. ದರ ದಿನಾ ಸ್ವಲ್ಪ ಅಲುಗಾಡಿದರೆ ಪೀಣ್ಯದ ಸಣ್ಣ ಕಾರ್ಖಾನೆಯವರು ಜಪಾನಿನಿಂದ ಯಂತ್ರ ತರಿಸುವಾಗ ಫಾರ್ವರ್ಡ್ ಬುಕ್ ಮಾಡುತ್ತಾರೆ, ಅಂದರೆ ಮುಂದೆ ಕೊಡಬೇಕಾದ ಹಣಕ್ಕೆ ಇವತ್ತೇ ದರ ಗೊತ್ತು ಮಾಡಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಅಲುಗಾಡದಿದ್ದರೆ ಆ ಖರ್ಚು ಯಾಕೆ ಅಂತ ಸುಮ್ನೆ ಬಿಡುತ್ತಾರೆ. ಆಮೇಲೆ ಒಂದು ದಿನ ದರ ಜಿಗಿದಾಗ ಅವರ ಒಂದು ವರ್ಷದ ಲಾಭ ಹೋಗುತ್ತದೆ.

ಬಾಗಿಲಿನ ಬಗ್ಗೆ ಇನ್ನೆರಡು ಉದಾಹರಣೆ. 1998ರ ಸೆಪ್ಟೆಂಬರ್ 1ರಂದು ಮಲೇಷ್ಯಾ, ಶೇರುಪೇಟೆಗೆ ಬಂದ ವಿದೇಶಿ ಹಣ ಒಂದು ವರ್ಷ ಹೊರಗೆ ಹೋಗುವಂತಿಲ್ಲ ಅಂದಿತು. ಮರುದಿನ ತನ್ನ ಕರೆನ್ಸಿ ರಿಂಗಿಟ್ ಅನ್ನು ಡಾಲರ್‌ಗೆ 3.80ಕ್ಕೆ ಕಟ್ಟಿತು. ದೇಶ ಚೇತರಿಸಿಕೊಂಡಿತು, ಅದನ್ನು ಒಪ್ಪಲೇಬೇಕು. ಆದರೆ ದೇಶಕ್ಕೆ ಒಳ್ಳೆಯದಾದದ್ದು ಆ ವರ್ಷ ಹಣ ಬೇಕಾಗಿದ್ದ ಹೂಡಿಕೆದಾರನಿಗೆ ಒಳ್ಳೆಯದಾಗಬೇಕಿಲ್ಲ. ಇನ್ನೊಂದು ನೈಜೀರಿಯಾ. 2022ರ ಹೊತ್ತಿಗೆ ಅಲ್ಲಿ ಅಧಿಕೃತ ದರ ಒಂದು, ಬೀದಿಯ ದರ ಇನ್ನೊಂದು ಇತ್ತು. ಟಿಕೆಟ್ ಮಾರಿ ಗಳಿಸಿದ ನೈರಾವನ್ನು ಡಾಲರ್ ಮಾಡಿ ಒಯ್ಯಲು ಆಗದೆ ಎಮಿರೇಟ್ಸ್ ವಿಮಾನ ಸಂಸ್ಥೆ 2022ರಲ್ಲಿ ಅಲ್ಲಿಗೆ ಹಾರಾಟವನ್ನೇ ನಿಲ್ಲಿಸಿತು. ದೊಡ್ಡ ವಿಮಾನ ಸಂಸ್ಥೆಗೆ ಹಣ ತೆಗೆಯಲು ಆಗದಿದ್ದಲ್ಲಿ ನಿಮಗೆ ನನಗೆ ಆಗುತ್ತದೆಯೇ? ಒಂದು ದೇಶದಲ್ಲಿ ಡಾಲರ್‌ಗೆ ಎರಡು ಬೆಲೆ ಇದೆ ಅಂತ ಗೊತ್ತಾದ ಕೂಡಲೇ ಉಳಿದ ಅಂಕಿಗಳನ್ನು ಪಕ್ಕಕ್ಕಿಡಿ. ಆ ಎರಡರ ನಡುವಿನ ಅಂತರವೇ ನಿಮಗೆ ಬೇಕಾದ ಅಂಕಿ.

ಕೇಂದ್ರ ಬ್ಯಾಂಕಿನ ಮಾತಿಗೆ ಬೆಲೆ ಇದೆಯೇ ಎಂಬುದನ್ನೂ ನೋಡಬೇಕು. ಮತ್ತೆ ಟರ್ಕಿ. 2021ರ ಮಾರ್ಚ್ 18ರಂದು ಗವರ್ನರ್ ನಾಜಿ ಅಗ್ಬಾಲ್ ಬಡ್ಡಿಯನ್ನು ಶೇ 17ರಿಂದ 19ಕ್ಕೆ ಏರಿಸಿದರು. ಎರಡು ದಿನದಲ್ಲಿ ಅವರನ್ನು ಕಿತ್ತು ಹಾಕಲಾಯಿತು. ಅವರು ಬಂದು ಐದು ತಿಂಗಳೂ ಆಗಿರಲಿಲ್ಲ. ವರ್ಷದ ಕೊನೆಗೆ ಬಡ್ಡಿ ಶೇ 14ಕ್ಕೆ ಇಳಿದಿತ್ತು, ಹಣದುಬ್ಬರ ಅದಕ್ಕಿಂತ ಎಷ್ಟೋ ಮೇಲಿತ್ತು. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 85 ಮುಟ್ಟಿತು. ಕೊನೆಗೆ 2024ರ ಮಾರ್ಚ್‌ನಲ್ಲಿ ಬಡ್ಡಿಯನ್ನು ಶೇ 50ಕ್ಕೆ ಏರಿಸಬೇಕಾಯಿತು. ಸಕಾಲದಲ್ಲಿ ತೆಗೆದುಕೊಳ್ಳದ ಔಷಧಿ ಆಮೇಲೆ ಎಷ್ಟು ಕಹಿ ಅಂತ ಅಲ್ಲಿನ ಸಂಬಳದವರು, ಪಿಂಚಣಿದಾರರು ಹೇಳಬಲ್ಲರು.

ಈಗ ಬೆಂಗಳೂರು. ಇದನ್ನು ಇಲ್ಲಿ ಕೂತವರಿಗೆ ಒತ್ತಿ ಹೇಳಬೇಕು. 2024-25ರಲ್ಲಿ ಸರಕು ವ್ಯಾಪಾರದಲ್ಲಿ ಭಾರತದ ಕೊರತೆ 280 ಬಿಲಿಯನ್ ಡಾಲರ್‌ಗೂ ಹೆಚ್ಚು. ಆದರೂ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ 0.6 ಮಾತ್ರ. ಹೇಗೆ? ಸೇವೆಗಳಿಂದ ಸುಮಾರು 190 ಬಿಲಿಯನ್ ಉಳಿಯಿತು, ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸಿದ್ದು ಇನ್ನೊಂದು ದೊಡ್ಡ ಮೊತ್ತ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಹೊರ ವರ್ತುಲ ರಸ್ತೆಯ ಆಫೀಸುಗಳಲ್ಲಿ ರಾತ್ರಿ ಕಾಲ್‌ಗಳಲ್ಲಿ ಕೂರುವವರ ದುಡಿಮೆ ದೇಶದ ತೈಲದ ಬಿಲ್ ಕಟ್ಟುತ್ತಿದೆ. ಈ ಊರಿನವನಾಗಿ ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ಆದರೆ ಹೂಡಿಕೆಯ ಲೆಕ್ಕದಲ್ಲಿ ಇದು ಒಂದು ಎಚ್ಚರಿಕೆ. ನಿಮ್ಮ ಸಂಬಳ ರೂಪಾಯಿಯಲ್ಲಿ ಬಂದರೂ ಅದರ ಮೂಲ ಅಮೆರಿಕದ ಗ್ರಾಹಕನ ಬಜೆಟ್. ನಿಮ್ಮ ಫ್ಲ್ಯಾಟಿನ ಬೆಲೆ, ಬಾಡಿಗೆ ಕೂಡ ಅದೇ ಸಂಬಳದ ಮೇಲೆ ನಿಂತಿದೆ. ಕಂಪನಿ ಕೊಟ್ಟ ಶೇರುಗಳಿದ್ದರೆ ಅವೂ ಅಮೆರಿಕದ್ದು. ಇದರ ಮೇಲೆ ಉಳಿತಾಯವನ್ನೂ ಅಮೆರಿಕದ ಟೆಕ್ ಶೇರುಗಳಲ್ಲಿ ಹಾಕಿದರೆ ಅಪಾಯ ಹಂಚಿದ ಹಾಗಾಗುವುದಿಲ್ಲ. ಅಮೆರಿಕದಲ್ಲಿ ಮಂದಗತಿ ಬಂದ ತಿಂಗಳು ಕೆಲಸ, ಶೇರು, ಮನೆ ಬೆಲೆ ಮೂರೂ ಒಟ್ಟಿಗೆ ಅಲುಗಾಡುತ್ತವೆ. ಸರ್ಕಾರಿ ಕೆಲಸದಲ್ಲಿರುವ, ಪಿಂಚಣಿ ಇರುವವರ ಲೆಕ್ಕ ಬೇರೆ. ಅವರಿಗೆ ಸ್ವಲ್ಪ ಡಾಲರ್ ಆಸ್ತಿ ಇದ್ದರೆ ನಿಜವಾಗಿ ಉಪಯೋಗ. ಪಕ್ಕದ ಸೀಟಿನ ಗೆಳೆಯ ಮಾಡಿದ್ದನ್ನೇ ಮಾಡಬೇಡಿ ಅಂತ ನಾನು ಹೇಳುವುದು ಈ ಕಾರಣಕ್ಕೆ.

ಪ್ರಶ್ನೋತ್ತರ

"ಸಾರ್, ಡಾಲರ್ 100 ಆಗುತ್ತಾ?" ಎಂಬುದು ಮೊದಲ ಪ್ರಶ್ನೆ. ಹಿಂದಿನ ಸಾಲಿನಿಂದ ಬಂತು.

ತಾರೀಕು ಹೇಳುವುದು ನನ್ನ ಕೆಲಸ ಅಲ್ಲ. ಲೆಕ್ಕ ಹೇಳುತ್ತೇನೆ. 2010ರ ಕೊನೆಗೆ 45ರ ಹತ್ತಿರ ಇದ್ದ ಡಾಲರ್ 2024ರ ಕೊನೆಗೆ 85 ಆಯಿತು. ವರ್ಷಕ್ಕೆ ಸರಾಸರಿ ಶೇ 4.5ರಷ್ಟು. 2025ರ ಡಿಸೆಂಬರ್‌ನಲ್ಲಿ 90 ದಾಟಿತು. ನಮ್ಮ ಹಣದುಬ್ಬರದ ಗುರಿ ಶೇ 4, ಅಮೆರಿಕದ್ದು ಶೇ 2. ಆ ವ್ಯತ್ಯಾಸದಷ್ಟಾದರೂ ರೂಪಾಯಿ ಇಳಿಯುವುದು ಸಹಜ, ಇಳಿಯದಿದ್ದರೆ ನಮ್ಮ ರಫ್ತು ದುಬಾರಿಯಾಗುತ್ತದೆ. 90ರಿಂದ ವರ್ಷಕ್ಕೆ ಶೇ 3ರಂತೆ ಹೋದರೂ ಮೂರೂವರೆ ವರ್ಷದಲ್ಲಿ 100. ಹಾಗೆ ಮೆಲ್ಲಗೆ ಬಂದ 100 ನನಗೆ ಭಯ ಹುಟ್ಟಿಸುವುದಿಲ್ಲ. 90ರಲ್ಲೇ ಹಿಡಿದು ನಿಲ್ಲಿಸಿ, ಮೀಸಲು ಖಾಲಿ ಮಾಡಿ, ಒಂದು ವಾರದಲ್ಲಿ 100 ಆದರೆ ಅದು ಭಯದ ವಿಷಯ.

ಬ್ಯಾಂಕ್ ಉದ್ಯೋಗಿ ಒಬ್ಬರು ಕೇಳಿದರು: "ನಮ್ಮ ದೇಶದ ಬಾಗಿಲು ಈಗ ಎಷ್ಟು ತೆರೆದಿದೆ?"

ವ್ಯಕ್ತಿಗಳಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್. 10 ಲಕ್ಷ ರೂಪಾಯಿ ದಾಟಿದ ಹೂಡಿಕೆಗೆ ಶೇ 20 ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ, ರಿಟರ್ನ್ ಸಲ್ಲಿಸಿದಾಗ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ನಿಮ್ಮ ಹಣ ಸಿಕ್ಕಿಹಾಕಿಕೊಂಡಿರುತ್ತದೆ. ಮ್ಯೂಚುವಲ್ ಫಂಡ್‌ಗಳಿಗೆ ಮಾತ್ರ ಒಟ್ಟಾರೆ 7 ಬಿಲಿಯನ್ ಡಾಲರ್ ಮಿತಿ. ಅದು 2022ರಲ್ಲಿ ತುಂಬಿ ಎಷ್ಟೋ ವಿದೇಶಿ ಫಂಡ್‌ಗಳು ಹೊಸ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಿದವು. ತಿಂಗಳು ತಿಂಗಳು ಹಣ ಹಾಕುವ ಎಸ್‌ಐಪಿ ಶುರು ಮಾಡಿದವರು ಅರ್ಧ ದಾರಿಯಲ್ಲಿ ನಿಂತರು. ಬಾಗಿಲು ಅಂದಾಗ ಇದನ್ನೂ ಸೇರಿಸಿಕೊಳ್ಳಿ. ಆ ದೇಶದ ಬಾಗಿಲು ತೆರೆದಿದ್ದರೆ ಸಾಲದು, ನಮ್ಮದೂ ತೆರೆದಿರಬೇಕು.

ಕೊನೆಯ ಪ್ರಶ್ನೆ ಒಬ್ಬ ಯುವಕನದು. ಯಾರೋ ವಿಯೆಟ್ನಾಂನಲ್ಲಿ ಹಣ ಹಾಕಲು ಹೇಳಿದ್ದಾರಂತೆ. ಈ ನಾಲ್ಕನ್ನೂ ಅಲ್ಲಿಗೆ ಹೇಗೆ ಹಚ್ಚುವುದು?

ದರದಿಂದ ಶುರು ಮಾಡಿ. ಅಲ್ಲಿನ ಕೇಂದ್ರ ಬ್ಯಾಂಕ್ ದಿನಾ ಒಂದು ನಡುವಿನ ದರ ಪ್ರಕಟಿಸುತ್ತದೆ. ವಹಿವಾಟು ಅದರ ಮೇಲೆ ಕೆಳಗೆ ಶೇ 5ರೊಳಗೆ ಇರಬೇಕು. 2022ರ ಅಕ್ಟೋಬರ್‌ವರೆಗೆ ಅದು ಶೇ 3 ಇತ್ತು, ಒತ್ತಡ ಬಂದಾಗ ಅಗಲ ಮಾಡಿದರು. ಅಂದರೆ ದರಕ್ಕೆ ಸ್ವಲ್ಪ ಪೆಟ್ಟು ಬೀಳಲು ಬಿಟ್ಟರು. ಅದೇ ಹೊತ್ತಿಗೆ ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳಲ್ಲಿ ಬಡ್ಡಿಯನ್ನು ಒಂದೊಂದು ಅಂಕ ಏರಿಸಿದರು. ಮೀಸಲಿನಿಂದಲೂ ಡಾಲರ್ ಮಾರಿದರು. ಬಾಗಿಲಿನ ವಿಷಯದಲ್ಲಿ, ಬ್ಯಾಂಕ್ ಶೇರುಗಳಲ್ಲಿ ವಿದೇಶಿಯರ ಪಾಲಿಗೆ ಸಾಮಾನ್ಯವಾಗಿ ಶೇ 30ರ ಮಿತಿ ಇದೆ. ದೇಶದ ಜಿಡಿಪಿಗೆ ಹೋಲಿಸಿದರೆ ರಫ್ತು ತುಂಬಾ ದೊಡ್ಡದು, ಬೇರೆ ಯಾವ ಒಂದು ದೇಶಕ್ಕಿಂತಲೂ ಅದು ಅಮೆರಿಕಕ್ಕೇ ಜಾಸ್ತಿ ಹೋಗುತ್ತದೆ. ಹಾಗಾಗಿ ಅಮೆರಿಕದ ಸುಂಕದ ಸುದ್ದಿ ಬಂದ ದಿನವೆಲ್ಲ ನಿಮ್ಮ ಫಂಡ್ ಅಲುಗಾಡುತ್ತದೆ. ಒಂದು ವರ್ಷದೊಳಗೆ ದೇಶ ತೀರಿಸಬೇಕಾದ ವಿದೇಶಿ ಸಾಲಕ್ಕಿಂತ ಮೀಸಲು ಹೆಚ್ಚಿದೆಯೇ ಅಂತ ಐಎಂಎಫ್‌ನ ವಾರ್ಷಿಕ ವರದಿಯಲ್ಲಿ ನೋಡಿ. 1997ರಲ್ಲಿ ದಕ್ಷಿಣ ಕೊರಿಯಾ ಎಡವಿದ್ದು ಆ ಒಂದು ಅಂಕಿಯ ಮೇಲೆ. ಇಷ್ಟು ನೋಡಿದ ಮೇಲೂ ಹಾಕಬೇಕು ಅನ್ನಿಸಿದರೆ, ಐದು ವರ್ಷ ಮುಟ್ಟದೆ ಬಿಡಬಹುದಾದ ಹಣವನ್ನು ಮಾತ್ರ ಹಾಕಿ. ಫಂಡಿನ ಲೆಕ್ಕವನ್ನು ಅಲ್ಲಿನ ಕರೆನ್ಸಿ ಡಾಂಗ್‌ನಲ್ಲಿ ಅಲ್ಲ, ಡಾಲರ್‌ನಲ್ಲೂ ಅಲ್ಲ, ರೂಪಾಯಿಯಲ್ಲಿ ಕೇಳಿ ತೆಗೆದುಕೊಳ್ಳಿ.